ಒಡೆದ ಮನೆಯ ಜಲ್ಲಿ ಎಷ್ಟು ನೀರು ಕುಡಿಯುತ್ತದೆ ಅಂತ ಮೊದಲು ನೋಡಿ: ದಾವಣಗೆರೆ ಪಾಲಿಕೆಗೊಂದು ಬಹಿರಂಗ ಪತ್ರ

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಎಂಜಿನಿಯರುಗಳಿಗೆ, ಮತ್ತು ಈ ಊರಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ವರ್ಷಕ್ಕೆ ಮೂರೋ ನಾಲ್ಕೋ ಮನೆ, ಹೆಚ್ಚಿನವು 30-40 ಸೈಟಿನವು. ಮೊದಲೆಲ್ಲ ಖಾಲಿ ಸೈಟಿನಲ್ಲಿ ಗುದ್ದಲಿ ಪೂಜೆ ಮಾಡಿ ಪಾಯ ತೆಗೆಯುತ್ತಿದ್ದೆವು. ಈಗ ಬರುವ ಕೆಲಸದಲ್ಲಿ ಅರ್ಧದಷ್ಟು ಹಳೇ ಮನೆ ಕೆಡವುವುದರಿಂದಲೇ ಶುರುವಾಗುತ್ತವೆ. ಪಿ.ಜೆ. ಬಡಾವಣೆ, ಕೆ.ಬಿ. ಬಡಾವಣೆ, ಮಂಡಿಪೇಟೆ ಕಡೆ ಹೋದರೆ ಅಪ್ಪ ಕಟ್ಟಿಸಿದ ಮನೆ ಇಳಿದು ಮಕ್ಕಳ ಮನೆ ಏಳುವುದು ಕಾಣುತ್ತದೆ. ಕೆಡವಿದ ಮನೆಯ ಬಾಗಿಲು, ಕಿಟಕಿ, ತೊಲೆ ಮಾರಾಟವಾಗುತ್ತವೆ. ಕಂಬಿ ಗುಜರಿಗೆ ಹೋಗುತ್ತದೆ. ಉಳಿದದ್ದು ಕಾಂಕ್ರೀಟು, ಇಟ್ಟಿಗೆ, ಗಿಲಾವು, ಟೈಲ್ಸ್. ಅದನ್ನೆಲ್ಲ ಒಟ್ಟಿಗೆ ಟ್ರ್ಯಾಕ್ಟರಿಗೆ ತುಂಬಿ, ಕತ್ತಲಾದ ಮೇಲೆ ಎಲ್ಲೋ ರಸ್ತೆ ಪಕ್ಕ, ಹಳ್ಳದಲ್ಲಿ, ಕೆರೆ ಅಂಚಿನಲ್ಲಿ ಸುರಿದು ಬರುತ್ತಾರೆ. ಒಂದು ಕಾಲದಲ್ಲಿ ಆ ಲೋಡು ಎಲ್ಲಿಗೆ ಹೋಯಿತು ಅಂತ ನಾನೂ ಕೇಳುತ್ತಿರಲಿಲ್ಲ. ಅದು ತಪ್ಪು ಅಂತ ಈಗ ಗೊತ್ತಾಗಿದೆ.

ಈ ಸಾಮಾನನ್ನು ಮತ್ತೆ ಕಾಂಕ್ರೀಟಿಗೆ ಹಾಕಬಹುದಾ? ಹಾಕಿದರೆ ಬಾಳಿಕೆ ಬರುತ್ತದಾ? ಸೈಟಿನಲ್ಲಿ ಇದಕ್ಕೆ ಎರಡು ಥರದ ಉತ್ತರ ಕೇಳಿದ್ದೇನೆ. "ಹಳೇದು ಹಳೇದೇ ರೀ, ಮುಟ್ಟಬೇಡಿ" ಅನ್ನುವವರು ಒಂದು ಕಡೆ. "ಕಲ್ಲು ಕಲ್ಲೇ ಅಲ್ವಾ, ಹಾಕಿ ಬಿಡಿ" ಅನ್ನುವವರು ಇನ್ನೊಂದು ಕಡೆ. ನನ್ನ ಅನುಭವದಲ್ಲಿ ಎರಡೂ ಸರಿಯಿಲ್ಲ, ಮತ್ತು ಅದನ್ನು ನನಗೆ ಕಲಿಸಿದ್ದು ನಮ್ಮ ಅಕ್ಕನ ಮನೆಯ ಸಜ್ಜಾ.

ಅಕ್ಕನ ಮನೆ 2014ರಲ್ಲಿ ಕಟ್ಟಿದ್ದು. ಆಗ ನಾನು ಬೇರೆ ಊರಿನ ಕೆಲಸದಲ್ಲಿದ್ದೆ, ಹಾಗಾಗಿ ಕಟ್ಟಿದವರು ಬೇರೆಯವರು, ಅವರ ಹೆಸರು ಇಲ್ಲಿ ಬೇಡ. ಹಳೇ ಮನೆಯ ಚಾವಣಿ ಒಡೆದ ಕಾಂಕ್ರೀಟು ಅಂಗಳದಲ್ಲೇ ಗುಡ್ಡೆ ಬಿದ್ದಿತ್ತಂತೆ. ಜಲ್ಲಿ ಸಾಲದೆ ಬಂದಾಗ ಅದನ್ನೇ ಸುತ್ತಿಗೆಯಲ್ಲಿ ಒಡೆಸಿ ಹೊಸ ಜಲ್ಲಿ ಜೊತೆ ಬೆರೆಸಿದ್ದಾರೆ. ಆ ಮಾಲು ಎರಡು ಕಡೆ ಹೋಗಿದೆ. ಒಂದು, ಮನೆ ಮುಂದೆ ಗಾಡಿ ನಿಲ್ಲಿಸುವ ನೆಲಕ್ಕೆ. ಅದರಲ್ಲಿ ಕಂಬಿ ಇಲ್ಲ. ಇನ್ನೊಂದು, ಮೂರು ಕಿಟಕಿಯ ಸಜ್ಜಾಗಳಿಗೆ.

2020ರ ಮಳೆಗಾಲದಲ್ಲಿ ಅಕ್ಕ ಫೋನ್ ಮಾಡಿದಳು. "ತಮ್ಮಾ, ಕಿಟಕಿ ಮೇಲಿಂದ ಚೂರು ಉದುರ್ತಾ ಇದೆ, ಮಗು ಅಲ್ಲೇ ಆಡುತ್ತೆ, ಒಂದ್ಸಲ ಬಂದು ನೋಡೋ." ಹೋಗಿ ಏಣಿ ಹಾಕಿ ಹತ್ತಿದೆ. ಸಜ್ಜಾದ ತಳದಲ್ಲಿ ಕಂಬಿ ಇರುವ ಗೆರೆಯಲ್ಲೇ ಬಿರುಕು. ಸಜ್ಜಾದ ಮುಖ್ಯ ಕಂಬಿ ಮೇಲ್ಗಡೆ ಇರಬೇಕು, ಇಲ್ಲಿ ಕಾಂಕ್ರೀಟ್ ಹಾಕುವಾಗ ತುಳಿದು ತುಳಿದು ಅದು ತಳಕ್ಕೇ ಇಳಿದಿತ್ತು. ಉಳಿಯಲ್ಲಿ ಮೆಲ್ಲಗೆ ತಟ್ಟಿದರೆ ಅಂಗೈ ಅಗಲದ ಚಕ್ಕೆ ಕೈಗೇ ಬಂತು. ತಿರುಗಿಸಿ ನೋಡಿದೆ. ಒಂದು ಕೆಂಪು ಇಟ್ಟಿಗೆ ಚೂರು. ಹಳೇ ಗಾರೆ ಅಂಟಿಕೊಂಡೇ ಇದ್ದ ಎರಡು ಜಲ್ಲಿ. ಉಗುರಲ್ಲಿ ಕೆರೆದರೆ ಪುಡಿಯಾಗುವ ಒಂದು ಬಿಳೀ ಗಂಟು, ಅದು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಕಂಬಿ ಕೂತಿದ್ದ ಜಾಗದಲ್ಲಿ ಕಂದು ಬಣ್ಣದ ಅಚ್ಚು. ಕಂಬಿಯನ್ನು ಮುಚ್ಚಿದ್ದ ಕಾಂಕ್ರೀಟಿನ ದಪ್ಪ ನನ್ನ ಕಿರುಬೆರಳಿನ ಅಗಲವೂ ಇರಲಿಲ್ಲ.

ಕೆಳಗಿಳಿದು ಗಾಡಿ ನಿಲ್ಲಿಸುವ ನೆಲ ನೋಡಿದೆ. ಅದೇ ಮಾಲು, ಅದೇ ಮಿಕ್ಸರು, ಅದೇ ವಾರ ಹಾಕಿದ್ದು. ಗಟ್ಟಿಯಾಗಿದೆ. ಇವತ್ತಿಗೂ ಭಾವ ಅದರ ಮೇಲೆ ಕಾರು ನಿಲ್ಲಿಸುತ್ತಾರೆ.

ಒಂದೇ ಕಾಂಕ್ರೀಟು ಒಂದು ಕಡೆ ಬಾಳಿತು, ಇನ್ನೊಂದು ಕಡೆ ಆರು ವರ್ಷಕ್ಕೆ ಉದುರಿತು. ಯಾಕೆ ಅನ್ನುವುದು ಅವತ್ತಿನಿಂದ ತಲೆಯಲ್ಲಿ ಕೊರೆಯಲು ಶುರುವಾಯಿತು. ಪುಸ್ತಕ ತಿರುವಿದೆ, ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರನ್ನು ಹಿಡಿದು ಕೇಳಿದೆ.

ಹೊಸ ಕಾಂಕ್ರೀಟಿನ ಒಳಗೆ ಸುಣ್ಣದ ಕ್ಷಾರ ತುಂಬಿರುತ್ತದೆ, ಅದರ ಪಿಎಚ್, ಅಂದರೆ ಕ್ಷಾರದ ಅಳತೆ, 12.5ರ ಆಸುಪಾಸು. ಆ ಕ್ಷಾರದೊಳಗೆ ಇರುವ ತನಕ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಇದ್ದು ತುಕ್ಕು ಹಿಡಿಯಲು ಬಿಡುವುದಿಲ್ಲ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಣ್ಣ ಸಣ್ಣ ರಂಧ್ರಗಳಲ್ಲಿ ನುಗ್ಗಿ ಈ ಕ್ಷಾರವನ್ನು ಮೇಲಿನಿಂದ ಒಳಗೆ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತಾ ಬರುತ್ತದೆ. ಇದಕ್ಕೆ ಕಾರ್ಬೊನೇಷನ್ ಅನ್ನುತ್ತಾರೆ. ಪಿಎಚ್ 9ರ ಹತ್ತಿರಕ್ಕೆ ಇಳಿದರೆ ಆ ಪದರ ನಿಲ್ಲುವುದಿಲ್ಲ. ಆಮೇಲೆ ಒಂದಿಷ್ಟು ತೇವ, ಒಂದಿಷ್ಟು ಗಾಳಿ ಸಿಕ್ಕರೆ ಸಾಕು, ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಜಾಗ ಇಲ್ಲದೆ ಕಾಂಕ್ರೀಟನ್ನೇ ಸೀಳುತ್ತದೆ.

ಮಂಗಳೂರು, ಕಾರವಾರದವರಿಗೆ ಸಮುದ್ರದ ಉಪ್ಪುಗಾಳಿಯ ಕಾಟ. ನಮಗೆ, ಅಂದರೆ ದಾವಣಗೆರೆ, ಚಿತ್ರದುರ್ಗದವರಿಗೆ, ದೊಡ್ಡ ಶತ್ರು ಈ ಕಾರ್ಬೊನೇಷನ್ನೇ. ಕಾಂಕ್ರೀಟು ತೀರಾ ಒಣಗಿದ್ದರೂ ಇದು ನಿಧಾನ, ಪೂರ್ತಿ ಒದ್ದೆಯಾಗಿದ್ದರೂ ನಿಧಾನ. ಗಾಳಿಯ ತೇವಾಂಶ ಶೇ. 50ರಿಂದ 70ರವರೆಗೆ ಇರುವಾಗ ಅತಿ ಜೋರು. ನಮ್ಮ ಬಯಲುಸೀಮೆಯಲ್ಲಿ ವರ್ಷದ ಎಷ್ಟೋ ತಿಂಗಳು ಹವೆ ಹಾಗೇ ಇರುತ್ತದೆ ಅಲ್ವಾ.

ಕಂಬಿ ಇಲ್ಲದ ನೆಲಕ್ಕೆ ಈ ಚಿಂತೆಯೇ ಇಲ್ಲ. ಕ್ಷಾರ ಹೋದರೆ ಹೋಯಿತು, ತುಕ್ಕು ಹಿಡಿಯಲು ಅಲ್ಲಿ ಏನೂ ಇಲ್ಲ. ಅದಕ್ಕೇ ಭಾವನ ಕಾರು ನಿಲ್ಲುವ ಜಾಗ ಗಟ್ಟಿಯಾಗಿ ಉಳಿದದ್ದು.

ಈಗ ಹಳೇ ಜಲ್ಲಿಯ ವಿಷಯಕ್ಕೆ ಬರುತ್ತೇನೆ. ಕ್ರಷರಿನಿಂದ ಬರುವ ಕಲ್ಲಿನ ಜಲ್ಲಿಗೂ ಕಾಂಕ್ರೀಟು ಒಡೆದು ಮಾಡಿದ ಜಲ್ಲಿಗೂ ಇರುವ ವ್ಯತ್ಯಾಸ ಆ ಅಂಟಿಕೊಂಡ ಹಳೇ ಗಾರೆ. ಅದರ ತುಂಬ ರಂಧ್ರ, ಅದು ಸ್ಪಂಜಿನ ಹಾಗೆ ನೀರು ಎಳೆಯುತ್ತದೆ. ನಂಬಿಕೆ ಬರದೆ ಮನೆಯಲ್ಲೇ ನೋಡಿದೆ. ಮೂರು ಬಕೆಟ್ ತಗೊಂಡೆ. ಒಣಗಿಸಿದ ಜಲ್ಲಿ ಒಂದೊಂದರಲ್ಲಿ 5 ಕೆಜಿ, ಗೆಳೆಯನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಒಂದು ರಾತ್ರಿ ಒಂದು ಹಗಲು ನೀರಲ್ಲಿ ನೆನೆಸಿ, ತೆಗೆದು, ಹಳೇ ಪಂಚೆಯಲ್ಲಿ ಮೇಲಿನ ನೀರು ಒರೆಸಿ ಮತ್ತೆ ತೂಗಿದೆ. ಕಲ್ಲಿನ ಜಲ್ಲಿ 30 ಗ್ರಾಂ ಜಾಸ್ತಿಯಾಗಿತ್ತು. ಬರೀ ಕಾಂಕ್ರೀಟು ಒಡೆದದ್ದು 270 ಗ್ರಾಂ. ಇಟ್ಟಿಗೆ, ಗಿಲಾವು ಎಲ್ಲ ಸೇರಿದ್ದು 600 ಗ್ರಾಂ ಕುಡಿದಿತ್ತು. ಲೆಕ್ಕ ಹಾಕಿದರೆ ಶೇ. 0.6, ಶೇ. 5.4, ಶೇ. 12. ಇದು ಲ್ಯಾಬಿನ ಪರೀಕ್ಷೆ ಅಲ್ಲ, ಸ್ವಲ್ಪ ಆಚೀಚೆ ಇರಬಹುದು, ಆದರೆ ಮೂರರ ನಡುವಿನ ಅಂತರ ಯಾರ ಕಣ್ಣಿಗಾದರೂ ಕಾಣುತ್ತದೆ.

ಸೈಟಿನಲ್ಲಿ ಇದರ ಪರಿಣಾಮ ಏನು ಅಂತ ನಿಮ್ಮ ಎಂಜಿನಿಯರುಗಳಿಗೆ ಗೊತ್ತಿರುತ್ತದೆ, ಆದರೂ ಮನೆ ಕಟ್ಟಿಸುವವರಿಗೋಸ್ಕರ ಬರೆಯುತ್ತೇನೆ. ಒಣಗಿದ ಹಳೇ ಜಲ್ಲಿಯನ್ನು ಹಾಗೇ ಮಿಕ್ಸರಿಗೆ ಹಾಕಿದರೆ ಅದು ಸಿಮೆಂಟಿನ ಪಾಲಿನ ನೀರನ್ನು ತಾನು ಕುಡಿಯುತ್ತದೆ. ಮಾಲು ಗಟ್ಟಿಯಾಗುತ್ತದೆ. ಮೇಸ್ತ್ರಿ ಕೂಗುತ್ತಾನೆ, "ಸಾರ್, ಮಾಲು ಓಡ್ತಾ ಇಲ್ಲ, ಇನ್ನೊಂದು ಅರ್ಧ ಬಕೆಟ್ ಹೊಡೀಲಾ?" ನಾವು ಹೂಂ ಅನ್ನುತ್ತೇವೆ. ಒಂದು ಚೀಲ ಸಿಮೆಂಟು 50 ಕೆಜಿ. ಅದಕ್ಕೆ 25 ಲೀಟರ್ ನೀರು ಅಂದರೆ ನೀರು-ಸಿಮೆಂಟಿನ ಪ್ರಮಾಣ 0.50. ಮಳೆಗೆ ಸಿಗುವ ಸಾಮಾನ್ಯ ಆರ್‌ಸಿಸಿಗೆ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿಗೆ, ನಮ್ಮ ದೇಶದ ಕಾಂಕ್ರೀಟು ಮಾನದಂಡವಾದ ಐಎಸ್ 456 ಕೊಡುವ ಗರಿಷ್ಠ ಮಿತಿಯೇ ಅದು. ಮೇಲೆ 5 ಲೀಟರ್ ಬಿದ್ದರೆ 0.60. ಆ ಹೆಚ್ಚಿನ ನೀರು ಒಣಗಿ ಹೋದ ಮೇಲೆ ಬಿಟ್ಟು ಹೋಗುವುದು ರಂಧ್ರಗಳನ್ನು. ಅದೇ ರಂಧ್ರಗಳಲ್ಲಿ ಗಾಳಿ ಒಳಗೆ ಹೋಗುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಹಳೇ ಜಲ್ಲಿಯನ್ನು ಹಿಂದಿನ ದಿನವೇ ಚೆನ್ನಾಗಿ ನೆನೆಸಿಡಬೇಕು, ಹಾಕುವಾಗ ಮೇಲೆ ನೀರು ಸುರಿಯದ ಹಾಗೆ ಸೋರಿಸಿಕೊಳ್ಳಬೇಕು. ಅಥವಾ ಅರ್ಧ ನೀರನ್ನು ಮೊದಲು ಜಲ್ಲಿ, ಮರಳಿಗೆ ಹಾಕಿ ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಸಿಮೆಂಟು, ಕೊನೆಗೆ ಉಳಿದ ನೀರು. ಹೀಗೆ ಎರಡು ಹಂತದಲ್ಲಿ ಕಲಸಿದರೆ ಸಿಮೆಂಟಿನ ಗಟ್ಟಿ ಹಾಲು ಆ ರಂಧ್ರಗಳನ್ನು ತುಂಬಿ ಹಳೇ ಗಾರೆಯ ಮೈಯನ್ನು ಬಿಗಿ ಮಾಡುತ್ತದೆ. ದುಡ್ಡು ಖರ್ಚಿಲ್ಲ, ಸ್ವಲ್ಪ ತಾಳ್ಮೆ ಬೇಕು.

ಇದಕ್ಕೆಲ್ಲ ನಿಯಮ ಇಲ್ಲ ಅಂದುಕೊಂಡಿದ್ದೆ. ಇದೆ. ಜಲ್ಲಿ-ಮರಳಿನ ಮಾನದಂಡವಾದ ಐಎಸ್ 383 ಅನ್ನು 2016ರಲ್ಲಿ ತಿದ್ದಿದಾಗಲೇ ಒಡೆದ ಕಟ್ಟಡದ ಜಲ್ಲಿಗೆ ಜಾಗ ಕೊಟ್ಟಿದ್ದಾರೆ. ಬರೀ ಕಾಂಕ್ರೀಟು ಒಡೆದ ಜಲ್ಲಿ ಒಂದು ಜಾತಿ, ಇಟ್ಟಿಗೆ-ಟೈಲ್ಸ್ ಸೇರಿದ ಜಲ್ಲಿ ಇನ್ನೊಂದು ಜಾತಿ. ಮೊದಲನೆಯದನ್ನು ಕಂಬಿ ಇಲ್ಲದ ಕಾಂಕ್ರೀಟಿಗೆ ಶೇ. 25ರವರೆಗೆ, ಆರ್‌ಸಿಸಿಗೆ ಶೇ. 20ರವರೆಗೆ, ಅದೂ ಎಂ25 ಅನ್ನುವ ಬಲದ ದರ್ಜೆಯವರೆಗೆ ಮಾತ್ರ, ಹಾಕಬಹುದು. ಎಂ15ಕ್ಕಿಂತ ಕಡಿಮೆ ಬಲದ, ಪಾಯದ ತಳಕ್ಕೆ ಹಾಕುವಂಥ ಬೆಡ್ ಕಾಂಕ್ರೀಟಿಗೆ ಪೂರ್ತಿ ಅದನ್ನೇ ಹಾಕಬಹುದು. ಎರಡನೆಯ ಜಾತಿಯ ದಪ್ಪ ಜಲ್ಲಿಯನ್ನು ಬೆಡ್ ಕಾಂಕ್ರೀಟಿಗೆ ಬಿಟ್ಟು ಬೇರೆ ಕಾಂಕ್ರೀಟಿಗೆ ಸೇರಿಸುವ ಹಾಗಿಲ್ಲ. ನೀರು ಕುಡಿಯುವುದು ಶೇ. 5 ದಾಟಿ 10ರೊಳಗೆ ಇದ್ದರೆ ಕಡ್ಡಾಯವಾಗಿ ಮೊದಲೇ ನೆನೆಸಬೇಕು. ನನ್ನ ಬಕೆಟಿನ 5.4 ಈ ಗುಂಪಿಗೆ ಬರುತ್ತದೆ. ಅಕ್ಕನ ಸಜ್ಜಾಕ್ಕೆ ಹೋದದ್ದು ಎರಡನೇ ಜಾತಿಯದ್ದು, ಹೋಗಬಾರದ ಜಾಗಕ್ಕೆ ಹೋಗಿತ್ತು.

ಇಟ್ಟಿಗೆಯನ್ನು ಸುಮ್ನೆ ಬೈಯುತ್ತಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆಯ ಮೇಲೆ, ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ನುಣ್ಣಗೆ ಪುಡಿಯಾದ ಇಟ್ಟಿಗೆ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಹೆಬ್ಬೆಟ್ಟು ಗಾತ್ರದ ಚೂರಾಗಿ ಆರ್‌ಸಿಸಿ ಒಳಗೆ ಕೂತರೆ ಮಾತ್ರ ನೀರಿನ ಗೂಡಾಗುತ್ತದೆ. ಪಿಒಪಿ ಅದಕ್ಕಿಂತ ಕೆಟ್ಟದ್ದು. ಅದರೊಳಗಿನ ಸಲ್ಫೇಟು ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಬಿರುಕು ಬಿಡಿಸುತ್ತದೆ. ಈಗಿನ ಮನೆಗಳಲ್ಲಿ ಪಿಒಪಿ ಸೀಲಿಂಗ್ ಇಲ್ಲದ್ದು ಕಡಿಮೆ. ಇನ್ನು ಇಪ್ಪತ್ತು ವರ್ಷದ ನಂತರ ಅವನ್ನು ಕೆಡವುವವರಿಗೆ ಈ ತೊಂದರೆ ಇನ್ನೂ ಜಾಸ್ತಿ.

ಮಾನ್ಯ ಆಯುಕ್ತರೇ, ನನ್ನ ಮುಖ್ಯ ಬೇಡಿಕೆ ಇಲ್ಲಿದೆ. ನಾವೆಲ್ಲ ಕಾಂಕ್ರೀಟಿನ ಗುಣ ಅಳೆಯುವುದು 28 ದಿನದ ಕ್ಯೂಬಿನಿಂದ, ಅಂದರೆ ಅದೇ ಮಾಲಿನಲ್ಲಿ ಅಚ್ಚು ಹಾಕಿದ ಘನವನ್ನು 28 ದಿನದ ಮೇಲೆ ಒತ್ತಿ ಒಡೆದು ನೋಡುವುದರಿಂದ. ಕ್ಯೂಬು ಪಾಸಾದರೆ ಬಿಲ್ಲು ಪಾಸು. ಶೇ. 20-30ರಷ್ಟು ಒಳ್ಳೆಯ ಹಳೇ ಜಲ್ಲಿ ಹಾಕಿದರೂ ಕ್ಯೂಬು ಸಾಮಾನ್ಯವಾಗಿ ಪಾಸಾಗುತ್ತದೆ. ಪೂರ್ತಿ ಹಳೇ ಜಲ್ಲಿಯಾದರೆ ಬಲ ಇಳಿಯುತ್ತದೆ, ಒಣಗುವಾಗ ಕುಗ್ಗುವುದೂ ಜಾಸ್ತಿಯಾಗುತ್ತದೆ, ಆದರೂ ಸಿಮೆಂಟು ಹೆಚ್ಚಿಗೆ ಸುರಿದರೆ ಆ ಕ್ಯೂಬನ್ನೂ ಪಾಸು ಮಾಡಿಸಬಹುದು. ಆದರೆ ಕ್ಯೂಬು ಹೇಳುವುದು ಎಷ್ಟು ಭಾರ ಹೊರುತ್ತದೆ ಅಂತ ಮಾತ್ರ. ನೀರು, ಗಾಳಿ ಎಷ್ಟು ಬೇಗ ಒಳಗೆ ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಕ್ಯೂಬು ನೀರಿನ ತೊಟ್ಟಿಯಲ್ಲಿ 28 ದಿನ ತಣ್ಣಗೆ ಇರುತ್ತದೆ, ಅದೇ ಮಾಲಿನ ಚರಂಡಿ ಗೋಡೆ ಮಾರ್ಚ್ ತಿಂಗಳ ಬಿಸಿಲಲ್ಲಿ ಮೂರೇ ದಿನಕ್ಕೆ ಒಣಗಿ ನಿಂತಿರುತ್ತದೆ. ಎರಡೂ ಒಂದೇ ಕಾಂಕ್ರೀಟು ಅಂತ ಕಾಗದ ಹೇಳುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ: ಹಳೇ ಜಲ್ಲಿ ಬಳಸುವ ಯಾವುದೇ ಕೆಲಸದ ಟೆಂಡರಿನಲ್ಲಿ ಆ ಜಲ್ಲಿ ಶೇಕಡಾ ಎಷ್ಟು ನೀರು ಕುಡಿಯುತ್ತದೆ ಅನ್ನುವ ಪರೀಕ್ಷೆಯನ್ನು ಪ್ರತಿ ಲೋಡಿಗೂ ಕೇಳಿ. ಕಂಬಿಯ ಕವರನ್ನು, ಅಂದರೆ ಕಂಬಿಯನ್ನು ಹೊರಗಿನಿಂದ ಮುಚ್ಚುವ ಕಾಂಕ್ರೀಟಿಗೆ ಬಿಟ್ಟ ದಪ್ಪವನ್ನು, ಕಾಂಕ್ರೀಟು ಹಾಕುವ ಮೊದಲು ಅಳೆದು ಫೋಟೋ ತೆಗೆಸಿ. ಈ ಕವರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರ್ಬೊನೇಷನ್ ಒಳಗೆ ಹೋಗುವುದು ನೇರ ಲೆಕ್ಕದಲ್ಲಲ್ಲ, ಸುಮಾರಾಗಿ ಕಾಲದ ವರ್ಗಮೂಲದ ಲೆಕ್ಕದಲ್ಲಿ. ಹತ್ತು ವರ್ಷಕ್ಕೆ 10 ಎಂಎಂ ಹೋದರೆ 20 ಎಂಎಂ ಹೋಗಲು ಇಪ್ಪತ್ತು ವರ್ಷ ಅಲ್ಲ, ನಲವತ್ತು ವರ್ಷ ಬೇಕು. ತಿರುಗಿಸಿ ನೋಡಿ. ಕವರನ್ನು ಅರ್ಧ ಮಾಡಿದರೆ ಕಂಬಿಗೆ ಸಿಗುವ ರಕ್ಷಣೆಯ ಕಾಲ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಕಂಬಿಯನ್ನು ಎತ್ತಿ ಹಿಡಿಯುವ, ಕೆಲವೇ ರೂಪಾಯಿಯ ಕವರ್ ಬ್ಲಾಕ್ ಇಡದೆ, ಜಲ್ಲಿ ಕಲ್ಲನ್ನೇ ಕಂಬಿ ಕೆಳಗೆ ತೂರಿಸಿ ಮೋಲ್ಡು ಹಾಕಿದ ಮನೆಗಳು ಈ ಊರಲ್ಲಿ ಎಷ್ಟಿವೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹೊಸ ಜಲ್ಲಿಯ ಕಾಂಕ್ರೀಟು ಈ ತಪ್ಪನ್ನು ಸ್ವಲ್ಪ ವರ್ಷ ಸಹಿಸಿಕೊಳ್ಳುತ್ತದೆ. ಹಳೇ ಜಲ್ಲಿಯದ್ದು ಸಹಿಸುವುದಿಲ್ಲ.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ನೀರಿನಿಂದ ಒದ್ದೆ ಇಡುವುದು ಕೂಡ ಹಾಗೇ. ಬರೀ ಓಪಿಸಿ, ಅಂದರೆ ಏನೂ ಬೆರೆಸದ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ (ಕಲ್ಲಿದ್ದಲು ಉರಿದ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಸೇರಿದ ಸಿಮೆಂಟಿಗೆ ಕನಿಷ್ಠ 10 ದಿನ, ಆದರೆ 14 ದಿನ ಮಾಡಿದರೆ ಒಳ್ಳೆಯದು ಅಂತ ಐಎಸ್ 456 ಹೇಳುತ್ತದೆ. ನಮಗೆ ಕುಡತಿನಿ ವಿದ್ಯುತ್ ಸ್ಥಾವರದ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗು ಎರಡೂ ಹತ್ತಿರ. ಇವು ಹಳೇ ಜಲ್ಲಿಯ ಕಾಂಕ್ರೀಟಿನ ರಂಧ್ರಗಳನ್ನು ಕಾಲ ಕಳೆದಂತೆ ಮುಚ್ಚುತ್ತವೆ, ಒಳ್ಳೆಯ ಜೋಡಿ. ಆದರೆ ಸರಿಯಾಗಿ ನೀರು ಹಾಕದೆ ಮೂರು ದಿನಕ್ಕೆ ಬಿಟ್ಟರೆ ಕಾರ್ಬೊನೇಷನ್ ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಈ ಸಿಮೆಂಟುಗಳಲ್ಲಿ ಸುಣ್ಣದ ದಾಸ್ತಾನೇ ಕಡಿಮೆ. ಕೊಳವೆ ಬಾವಿ ನೀರು ಬಳಸುವವರು, ಮುಖ್ಯವಾಗಿ ಚಿತ್ರದುರ್ಗ, ಹಿರಿಯೂರು ಕಡೆಯವರು, ಅದನ್ನು ಒಂದು ಸಲ ಲ್ಯಾಬಿಗೆ ಕೊಡಿ. ಆರ್‌ಸಿಸಿಗೆ ಬಳಸುವ ನೀರಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು.

ಎರಡನೇ ಬೇಡಿಕೆ, ಬೇರ್ಪಡಿಸಲು ಒಂದು ಜಾಗ. ಕಟ್ಟಡ ತ್ಯಾಜ್ಯದ ನಿಯಮ 2016ರಲ್ಲೇ ಬಂದಿದೆ. ದೊಡ್ಡ ಪ್ರಮಾಣದಲ್ಲಿ ಕೆಡವುವವರು ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಮತ್ತು ಕಬ್ಬಿಣ-ಮರ-ಪ್ಲಾಸ್ಟಿಕ್ಕು ಅಂತ ನಾಲ್ಕು ಭಾಗ ಮಾಡಬೇಕು ಅಂತಲೂ, ಸರ್ಕಾರಿ ಮತ್ತು ಪುರಸಭೆ ಕೆಲಸಗಳಲ್ಲಿ ಶೇ. 10ರಿಂದ 20ರಷ್ಟು ಇಂಥ ಸಾಮಾನು ಕೊಳ್ಳಬೇಕು ಅಂತಲೂ ಅದರಲ್ಲಿತ್ತು. 2025ರಲ್ಲಿ ಹೊಸ ನಿಯಮ ಬಂತು, ಅದರಲ್ಲಿ ಮರುಬಳಕೆಯ ಹೊಣೆ ಬೀಳುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ. ನಮ್ಮ 30-40 ಸೈಟು ಅಂದರೆ 111 ಚದರ ಮೀಟರು. ದಾವಣಗೆರೆಯಲ್ಲಿ ಕೆಡವುವುದು ಹೆಚ್ಚಾಗಿ ಇಂಥ ಮನೆಗಳನ್ನೇ. ಇವನ್ನು ನೋಡಿಕೊಳ್ಳಬೇಕಾದವರು ನಾವು ಮತ್ತು ನೀವೇ.

ದೆಹಲಿಯ ಬುರಾರಿಯಲ್ಲಿ 2009ರಿಂದ ಇಂಥ ಘಟಕ ಇದೆ. ಸುಪ್ರೀಂ ಕೋರ್ಟಿನ ಹೊಸ ಕಟ್ಟಡಕ್ಕೆ ಒಡೆದ ಸಾಮಾನಿನಿಂದ ಮಾಡಿದ ಬ್ಲಾಕು ಬಳಸಿದ್ದಾರೆ. ನಮಗೆ ಅಷ್ಟು ದೊಡ್ಡದು ಬೇಡ. ಊರಿನ ಎರಡು ಮೂರು ದಿಕ್ಕಲ್ಲಿ ಬೇಲಿ ಹಾಕಿದ ಜಾಗ, ಕಾಂಕ್ರೀಟು ಒಂದು ಕಡೆ, ಇಟ್ಟಿಗೆ-ಗಿಲಾವು ಒಂದು ಕಡೆ, ಪಿಒಪಿ ಬೇರೆಯೇ. ವಾರಕ್ಕೊಮ್ಮೆ ಒಂದು ಸಣ್ಣ ಕ್ರಷರು ಬಂದು ಹೋದರೂ ಸಾಕು. ಕೆಡವಲು ಅನುಮತಿ ಕೊಡುವಾಗಲೇ ಆ ಜಾಗದ ರಸೀದಿ ತಂದುಕೊಡಬೇಕು ಅಂತ ಷರತ್ತು ಹಾಕಿ. ಟ್ರ್ಯಾಕ್ಟರಿನವರು ಕೆರೆ ಕಡೆ ತಿರುಗುವುದಿಲ್ಲ.

ಆ ಜಲ್ಲಿಯನ್ನು ಮೊದಲು ಕಂಬಿ ಇಲ್ಲದ ಕೆಲಸಕ್ಕೇ ಹಾಕಿಸಿ ಅನ್ನುವುದು ನನ್ನ ವಿನಂತಿ. ಚರಂಡಿ ತಳದ ಬೆಡ್ಡು, ಪಾರ್ಕಿನ ದಾರಿಯ ಪೇವರ್ಸು, ಫುಟ್‌ಪಾತಿನ ಅಂಚಿನ ಕಲ್ಲು, ರಸ್ತೆಯ ಕೆಳಪದರ. ಇಷ್ಟರಲ್ಲೇ ಊರಿನ ಅರ್ಧ ಡೆಬ್ರಿಸ್ ಮುಗಿಯಬಹುದು ಅಂತ ನನ್ನ ಅಂದಾಜು. ಆರ್‌ಸಿಸಿಗೆ ಶೇ. 20 ಹಾಕಲು ಕಾನೂನು ಬಿಡುತ್ತದೆ, ನಾನೂ ವಿರೋಧಿಸುವುದಿಲ್ಲ. ಆದರೆ ಈಗ ನಮ್ಮ ಸೈಟುಗಳಲ್ಲಿ ಇರುವ ಶಿಸ್ತು ನೋಡಿದರೆ ಅದಕ್ಕೆ ನಾವಿನ್ನೂ ತಯಾರಾಗಿಲ್ಲ. ಮೊದಲು ಒಂದು ನೂರು ಮೀಟರ್ ಚರಂಡಿ ಕಟ್ಟಿಸಿ. ಅರ್ಧ ಉದ್ದಕ್ಕೆ ಹೊಸ ಜಲ್ಲಿ ಮಾತ್ರ ಹಾಕಿ, ಉಳಿದ ಅರ್ಧಕ್ಕೆ ಶೇ. 20 ಹಳೇದು ಸೇರಿಸಿ, ಯಾವುದು ಯಾವುದು ಅಂತ ಬೋರ್ಡು ಹಾಕಿ. ಯುಬಿಡಿಟಿ, ಬಿಐಇಟಿಯಂಥ ಕಾಲೇಜು ಊರಲ್ಲೇ ಇವೆ. ಸಿವಿಲ್ ಓದುವ ಮಕ್ಕಳು ಪ್ರತಿ ವರ್ಷ ಅಲ್ಲಿಂದ ಸಣ್ಣ ಕೋರ್, ಅಂದರೆ ಕೊರೆದ ತುಂಡು ತೆಗೆದು ಫಿನಾಫ್ತಲೀನ್ ಅನ್ನುವ ದ್ರಾವಣ ಹಾಕಿ ನೋಡಲಿ. ಕ್ಷಾರ ಇರುವಲ್ಲಿ ಗುಲಾಬಿ ಬಣ್ಣ ಬರುತ್ತದೆ, ಹೋದಲ್ಲಿ ಬಣ್ಣವೇ ಇಲ್ಲ. ಮೇಷ್ಟ್ರು ಅಕ್ಕನ ಸಜ್ಜಾದ ಚಕ್ಕೆಗೆ ಅದನ್ನು ಹಾಕಿ ತೋರಿಸಿದಾಗ ಪೂರ್ತಿ ಚಕ್ಕೆಯಲ್ಲಿ ಒಂದು ಚುಕ್ಕೆಯಷ್ಟೂ ಗುಲಾಬಿ ಇರಲಿಲ್ಲ.

ಸಜ್ಜಾಗಳನ್ನು ನಾನೇ ನಿಂತು ಒಡೆಸಿ ಹೊಸದಾಗಿ ಹಾಕಿಸಿದೆ. ಹೋದ ತಿಂಗಳು ಕೆಡವಿದ ಒಂದು ಮನೆಯ ಕಾಂಕ್ರೀಟನ್ನು ಮಾತ್ರ ಬೇರೆ ತೆಗೆಸಿ ನನ್ನ ಹಿತ್ತಲಲ್ಲಿ ಇಟ್ಟಿದ್ದೇನೆ. ಎರಡು ಟ್ರ್ಯಾಕ್ಟರ್ ಲೋಡು, ಇಟ್ಟಿಗೆ, ಗಿಲಾವು ಸೇರಿಲ್ಲ. ಆ ನೂರು ಮೀಟರ್ ಚರಂಡಿಗೆ ನೀವು ಮನಸ್ಸು ಮಾಡಿದರೆ ಅದು ನಿಮ್ಮದೇ, ಸಾಗಾಣಿಕೆಯೂ ನನ್ನದೇ. ನೆನೆಸಲು ತೊಟ್ಟಿ ಮಾತ್ರ ಸೈಟಿನಲ್ಲಿ ಸಿದ್ಧ ಮಾಡಿಸಿರಿ.

ಇಂತಿ,
ದಾವಣಗೆರೆಯ ಒಬ್ಬ ಮನೆ ಕಟ್ಟಿಸುವವನು